ಆರು ವಾರ ಎಂದವರು ಯಾರು?

ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ವೈದ್ಯರು ಅಕಿಲಿಸ್ ಎನ್ನುವುದು, ತಿಂಗಳುಗಟ್ಟಲೆ ನೋಯುತ್ತಿದೆ ಎಂದು ಹೋದವರಿಗೆ ನಮ್ಮ ಊರುಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಆರು ವಾರ ರೆಸ್ಟ್ ಮಾಡಿ, ಸರಿಹೋಗುತ್ತೆ.’ ಹೇಳಿದವರು ಕಾಲನ್ನು ಮುಟ್ಟಿ ನೋಡಿರುವುದಿಲ್ಲ. ಒಂಟಿಕಾಲಿನಲ್ಲಿ ನಿಲ್ಲಿಸಿರುವುದಿಲ್ಲ. ಸಕ್ಕರೆ ಕಾಯಿಲೆ ಇದೆಯೇ, ಇತ್ತೀಚೆಗೆ ಯಾವ ಮಾತ್ರೆ ನುಂಗಿದಿರಿ ಎಂದು ಕೇಳಿರುವುದಿಲ್ಲ. ವಾರದ ಲೆಕ್ಕ ಮಾತ್ರ ಬಾಯಿಗೆ ಸಲೀಸಾಗಿ ಬಂದುಬಿಡುತ್ತದೆ. ಹೊಲಕ್ಕೆ ಕಾಲಿಡದೆ ಇಳುವರಿ ಹೇಳುವವನನ್ನು ಯಾವ ರೈತನೂ ನಂಬುವುದಿಲ್ಲ. ಕಾಲಿನ ವಿಷಯಕ್ಕೆ ಬಂದರೆ ಫೀಸು ಕೊಟ್ಟು ನಂಬುತ್ತೇವೆ.

ಇದನ್ನು ಸಣ್ಣ ತಪ್ಪೆಂದು ಬಿಟ್ಟುಬಿಡುವಂತಿಲ್ಲ. ಕೊಟ್ಟ ಗಡುವು ಮುಗಿದು ನೋವು ಹಾಗೇ ಉಳಿದಾಗ ರೋಗಿ ಗಡುವನ್ನು ಅನುಮಾನಿಸುವುದಿಲ್ಲ, ತನ್ನ ಕಾಲನ್ನೇ ಅನುಮಾನಿಸುತ್ತಾನೆ. ‘ನನ್ನದು ವಾಸಿಯಾಗದ ಕೇಸು’ ಎಂದುಕೊಂಡು ನಡಿಗೆ ಬಿಡುತ್ತಾನೆ. ಮೆಟ್ಟಿಲು ಬಿಟ್ಟು ಲಿಫ್ಟ್ ಹಿಡಿಯುತ್ತಾನೆ. ತೂಕ ಏರುತ್ತದೆ, ಅದರ ಹಿಂದೆಯೇ ಸಕ್ಕರೆಯೂ ಏರುತ್ತದೆ, ಎರಡೂ ಸೇರಿ ರಜ್ಜನ್ನು ಇನ್ನಷ್ಟು ಕೆಡಿಸುತ್ತವೆ. ಅಳೆಯದೆ ಕೊಟ್ಟ ಒಂದು ತಾರೀಖು ಇಷ್ಟೆಲ್ಲ ಮಾಡಬಲ್ಲದು.

ಹಾಸನದ ಕಡೆಯ ಒಬ್ಬ ಪಿ.ಇ. ಮೇಷ್ಟ್ರನ್ನು ಬಲ್ಲೆ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗಬೇಕಾದರೆ ಅವರಿಗೆ ಗೋಡೆ ಬೇಕು. ಹತ್ತು ಹೆಜ್ಜೆ ನಡೆದ ಮೇಲೆ ಕಾಲು ಹದಕ್ಕೆ ಬರುತ್ತದೆ. ಮಧ್ಯಾಹ್ನ ಖೋಖೋ ಅಂಕಣದಲ್ಲಿ ಮಕ್ಕಳ ಹಿಂದೆ ಓಡಿದರೂ ಅಷ್ಟಾಗಿ ನೋವಿಲ್ಲ, ಮಾರನೆಯ ಬೆಳಿಗ್ಗೆ ಮತ್ತೆ ಗೋಡೆ. ಮೊದಲು ನೋಡಿದ ವೈದ್ಯರು ಆರು ವಾರ ರೆಸ್ಟ್ ಎಂದರು. ಮೇಷ್ಟ್ರು ಶಿಸ್ತಿನ ಮನುಷ್ಯ, ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಿದರು. ನೋವು ಹೋಯಿತು. ಕ್ರೀಡಾಕೂಟದ ತಯಾರಿಗೆ ಮೈದಾನಕ್ಕಿಳಿದ ವಾರದಲ್ಲೇ ತಿರುಗಿ ಬಂತು, ಮೊದಲಿಗಿಂತ ಜೋರಾಗಿ. ಎರಡನೆಯವರು ಸ್ಕ್ಯಾನ್ ಮಾಡಿಸಿ, ‘ಒಳಗೆಲ್ಲ ಸವೆದಿದೆ, ಇನ್ನು ಓಡುವ ಆಸೆ ಬಿಡಿ’ ಎಂದರು. ಒಬ್ಬರು ಆರು ವಾರ ಎಂದರು, ಇನ್ನೊಬ್ಬರು ಎಂದೂ ಇಲ್ಲ ಎಂದರು. ಮೇಷ್ಟ್ರ ಹಿಮ್ಮಡಿ ಎಷ್ಟು ಎತ್ತರ ಏಳುತ್ತದೆ ಎಂದು ಇಬ್ಬರೂ ನೋಡಲಿಲ್ಲ.

ನೋಡಲು ಬೇಕಾದದ್ದು ಒಂದು ಗೋಡೆ, ಐದು ನಿಮಿಷ. ಗೋಡೆಗೆ ಎರಡು ಬೆರಳ ತುದಿ ತಾಗಿಸಿ, ಮಂಡಿ ನೇರವಿಟ್ಟು, ಒಂದೇ ಕಾಲಿನಲ್ಲಿ ತುದಿಗಾಲಿಗೆ ಏರಬೇಕು, ಮೆಲ್ಲಗೆ ಇಳಿಯಬೇಕು. ಮೇಷ್ಟ್ರ ಎಡಗಾಲು ಹದಿನೈದು ಸಲ ಒಂದೇ ಎತ್ತರಕ್ಕೆ ಹೋಯಿತು. ನೋಯುವ ಬಲಗಾಲು ಮೊದಲ ಮೂರು ಸಲ ಚೆನ್ನಾಗಿಯೇ ಎದ್ದಿತು. ನಾಲ್ಕನೆಯದಕ್ಕೆ ಹಿಮ್ಮಡಿ ಅರ್ಧಕ್ಕೇ ನಿಂತಿತು. ಆರನೆಯದಕ್ಕೆ ಮಂಡಿ ತಾನಾಗಿ ಬಾಗಿತು, ಮೈ ಗೋಡೆಯತ್ತ ವಾಲಿತು, ಬೆರಳ ತುದಿ ಹೋಗಿ ಅಂಗೈ ಗೋಡೆಗೆ ಒತ್ತಿತು. ಎಂಟಕ್ಕೆ ಮೀನಖಂಡ ಅದುರತೊಡಗಿತು. ನೋವೇನೂ ಹೆಚ್ಚಿರಲಿಲ್ಲ, ಶಕ್ತಿಯೇ ಇರಲಿಲ್ಲ. ಆರೋಗ್ಯವಂತ ವಯಸ್ಕರು ಇದನ್ನು ಇಪ್ಪತ್ತೈದರ ಆಸುಪಾಸು ಮಾಡಬಲ್ಲರು ಎಂಬುದು ಬಹುಕಾಲದ ಅಂದಾಜು. ವಯಸ್ಸಾದಂತೆ ಆ ಸಂಖ್ಯೆ ಇಳಿಯುತ್ತದೆ, ನಿಜ. ಆದರೆ ಒಬ್ಬರದೇ ಎರಡು ಕಾಲಿನ ನಡುವೆ ಇಷ್ಟು ಅಂತರ ಇರುವಾಗ ‘ಆರು ವಾರ’ ಎಂಬ ಮಾತಿಗೂ ‘ಓಟ ಬಿಡಿ’ ಎಂಬ ಮಾತಿಗೂ ಆಧಾರವೇ ಇಲ್ಲ.

ರೆಸ್ಟ್ ಎಂಬ ಸಲಹೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅತಿ ಹೆಚ್ಚು ಕಾಲು ಕೆಡಿಸಿರುವುದು ಅದೇ. ರಜ್ಜಿನ ಮೇಲೆ ಹೊರೆ ಬೀಳದಿದ್ದರೆ ನೋವು ತಣಿಯುತ್ತದೆ, ಯಾರಿಗಾದರೂ ತಣಿಯುತ್ತದೆ. ಅದೇ ಹೊತ್ತಿನಲ್ಲಿ ಮೀನಖಂಡ ಬಡವಾಗುತ್ತದೆ, ರಜ್ಜು ಹೊರೆ ತಾಳುವ ಗುಣವನ್ನು ಇನ್ನಷ್ಟು ಕಳೆದುಕೊಳ್ಳುತ್ತದೆ. ಹೀಗೆ ನೋವಿಲ್ಲದ, ಆದರೆ ದುರ್ಬಲವಾದ ಕಾಲನ್ನು ‘ವಾಸಿಯಾಯಿತು’ ಎಂದು ಮೈದಾನಕ್ಕೆ ಕಳಿಸುತ್ತೇವೆ. ಸ್ವೀಡನ್ನಿನ ಕಾರಿನ್ ಗ್ರೇವರೆ ಸಿಲ್ಬರ್ನಾಗೆಲ್ ಅವರ ತಂಡ 2007ರಲ್ಲಿ ಇದನ್ನೇ ಅಳೆದು ತೋರಿಸಿತು. ಒಂದು ವರ್ಷದ ನಂತರ ನೋವು ಪೂರ್ತಿ ಹೋದವರನ್ನು ಕರೆಸಿ ಕಾಲಿನ ಶಕ್ತಿ, ಜಿಗಿತ, ತುದಿಗಾಲೇರುವ ಬಲ ಎಲ್ಲವನ್ನೂ ಪರೀಕ್ಷಿಸಿದಾಗ ಪೂರ್ಣ ಬಲ ಮರಳಿದ್ದು ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಮಾತ್ರ. ನೋವು ಹೋಗುವುದೂ ಕಾಲು ಮೊದಲಿನಂತಾಗುವುದೂ ಬೇರೆ ಬೇರೆ. ಈ ಎರಡನ್ನು ಒಂದೇ ಎಂದುಕೊಂಡ ಕಡೆಯೇ ನಮ್ಮ ಎಲ್ಲ ಭವಿಷ್ಯವಾಣಿಗಳೂ ಎಡವುತ್ತವೆ.

ಹಾಗಾದರೆ ಕಾಲು ಕಟ್ಟುವುದು ಯಾವುದು? ಹೊರೆ. ಸ್ವೀಡನ್ನಿನ ಉಮಿಯೊ ಊರಿನ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದವರಿಗೆಲ್ಲ ಗೊತ್ತು, ಗೊತ್ತಿರಬೇಕು. ಶಸ್ತ್ರಚಿಕಿತ್ಸೆಗೆಂದು ಕಾಯುತ್ತಿದ್ದ 15 ಮಂದಿ ಓಟಗಾರರಿಗೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಕೊಟ್ಟರು. ಮಂಡಿ ನೇರವಿಟ್ಟು ಹದಿನೈದರ ಮೂರು ಸುತ್ತು, ಮಂಡಿ ಬಾಗಿಸಿ ಅಷ್ಟೇ, ದಿನಕ್ಕೆ ಎರಡು ಹೊತ್ತು, ವಾರದ ಏಳೂ ದಿನ. ದಿನಕ್ಕೆ 180 ಸಲ. ನೋವು ತಾಳುವಂತಾದಾಗ ಬೆನ್ನಿಗೆ ಭಾರದ ಚೀಲ. 12 ವಾರ ಮುಗಿದಾಗ 15 ಮಂದಿಯೂ ತಮ್ಮ ಹಿಂದಿನ ಓಟಕ್ಕೆ ಮರಳಿದ್ದರು. ವಿಶ್ರಾಂತಿ, ನೋವಿನ ಮಾತ್ರೆ, ಶೂ ಬದಲಾವಣೆ ಎಂದು ಹಳೆಯ ದಾರಿಯಲ್ಲಿ ಹೋದ ಇನ್ನೊಂದು ಗುಂಪಿನವರೆಲ್ಲ ಕೊನೆಗೆ ಶಸ್ತ್ರಚಿಕಿತ್ಸೆಯ ಮೇಜು ಹತ್ತಿದರು. ನಂತರ 2015ರಲ್ಲಿ ಡೆನ್ಮಾರ್ಕಿನವರು ವಾರಕ್ಕೆ ಮೂರೇ ದಿನ ಭಾರವಾದ, ನಿಧಾನದ ವ್ಯಾಯಾಮ ಮಾಡಿಸಿ ಅದೂ ಇಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕಂಡರು. ಬಗೆ ಯಾವುದಾದರೂ ಇರಲಿ, ಹೊರೆ ಮಾತ್ರ ಬೇಕೇ ಬೇಕು.

ಈ ವಿದ್ಯೆಯನ್ನೂ ನಾವು ಝೆರಾಕ್ಸ್ ಹಾಳೆಯ ಮಟ್ಟಕ್ಕೆ ಇಳಿಸಿಬಿಟ್ಟೆವು. ಫಿಸಿಯೋಥೆರಪಿ ಕೇಂದ್ರಗಳಲ್ಲಿ ಹಿಮ್ಮಡಿ ನೋವು ಎಂದವರಿಗೆಲ್ಲ ಅದೇ ಹಾಳೆ, ಅದೇ ಮೆಟ್ಟಿಲಿನ ಚಿತ್ರ. ನೋವು ರಜ್ಜಿನ ನಡುಭಾಗದಲ್ಲಿದೆಯೇ, ಅಂದರೆ ಹಿಮ್ಮಡಿ ಮೂಳೆಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ, ಅಥವಾ ರಜ್ಜು ಮೂಳೆಗೆ ಕಚ್ಚಿಕೊಳ್ಳುವ ಜಾಗದಲ್ಲೇ ಇದೆಯೇ ಎಂದು ಬೆರಳಿಟ್ಟು ನೋಡುವ ವ್ಯವಧಾನವಿಲ್ಲ. ಉಮಿಯೊದ ಅದೇ ತಂಡ 2003ರಲ್ಲಿ ಹೇಳಿತ್ತು: ಈ ವ್ಯಾಯಾಮದಿಂದ ನಡುಭಾಗದ ನೋವಿನಲ್ಲಿ ಶೇಕಡಾ 89 ಕಾಲುಗಳು ಸುಧಾರಿಸಿದರೆ, ಮೂಳೆಯ ಹತ್ತಿರದ ನೋವಿನಲ್ಲಿ ಬರೀ ಶೇಕಡಾ 32. ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಿದಾಗ ರಜ್ಜು ಮೂಳೆಗೆ ಒತ್ತಿ ಉಜ್ಜುತ್ತದೆ, ಅಲ್ಲಿಯೇ ತೊಂದರೆ. ನೆಲದ ಮಟ್ಟಕ್ಕೆ ನಿಲ್ಲಿಸಿ ಮಾಡಿಸಿದಾಗ, 2008ರಲ್ಲಿ, ಶೇಕಡಾ 67 ಕಾಲುಗಳು ತೃಪ್ತಿಕರವಾಗಿ ಚೇತರಿಸಿಕೊಂಡವು. ಒಂದು ಬೆರಳು, ಅರ್ಧ ನಿಮಿಷದ ಪರೀಕ್ಷೆ. ಅದನ್ನು ಮಾಡದೆ ಹಾಳೆ ಕೊಟ್ಟವರು ರೋಗಿ ಯಾವ ಗುಂಪಿನವನೆಂದೇ ತಿಳಿಯದೆ ಅವನ ಭವಿಷ್ಯ ಹೇಳಿದ್ದಾರೆ. ಮೂಳೆಯ ಹತ್ತಿರ ನೋವಿರುವವರಿಗೆ ‘ಚೆನ್ನಾಗಿ ಎಳೆಯಿರಿ, ಸ್ಟ್ರೆಚ್ ಮಾಡಿ’ ಎನ್ನುವ ಜಿಮ್ ತರಬೇತುದಾರರೂ ಇದನ್ನು ಓದಿಕೊಳ್ಳಬೇಕು.

ಹಾಳೆಯಾದರೂ ವಾಸಿ. ಹತ್ತು ಸಿಟ್ಟಿಂಗ್ ಪ್ಯಾಕೇಜಿನ ಅಭ್ಯಾಸ ಅದಕ್ಕಿಂತ ಕೆಟ್ಟದ್ದು. ರೋಗಿ ಬೋರಲಾಗಿ ಮಲಗುತ್ತಾನೆ, ಹಿಮ್ಮಡಿಗೆ ಜೆಲ್ ಹಚ್ಚುತ್ತಾರೆ, ಯಂತ್ರದ ತಲೆಯನ್ನು ಕೆಲವು ನಿಮಿಷ ಸುತ್ತಿಸುತ್ತಾರೆ, ಸುತ್ತಿಸುವವರ ಕಣ್ಣು ಮೊಬೈಲಿನ ಮೇಲಿರುತ್ತದೆ. ಅಲ್ಲಿ ಕಾಲು ಒಂದು ಗ್ರಾಂ ಹೊರೆಯನ್ನೂ ಹೊರುವುದಿಲ್ಲ. ಹತ್ತನೆಯ ದಿನ ‘ಹೇಗಿದೆ?’ ಎಂದು ಕೇಳುತ್ತಾರೆ, ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ, ಇನ್ನೊಂದು ಹತ್ತಕ್ಕೆ ರಸೀದಿ ಹರಿಯುತ್ತಾರೆ. ನಾಲ್ಕು ವರ್ಷ ಕಷ್ಟಪಟ್ಟು ಓದಿ, ದೇಹದ ಚಲನೆಯನ್ನು ಬಲ್ಲವರು ಈ ಮಟ್ಟಕ್ಕೆ ಇಳಿಯುವುದು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸ್ಕ್ಯಾನ್ ನೋಡಿ ಹೆದರಿಸುವ ಚಾಳಿಯ ಬಗ್ಗೆಯೂ ಹೇಳಲೇಬೇಕು. ಯಾವ ನೋವೂ ಇಲ್ಲದ ಆಟಗಾರರ ರಜ್ಜನ್ನು ಸ್ಕ್ಯಾನ್ ಮಾಡಿದರೂ ದಪ್ಪವಾದದ್ದು, ಎಳೆ ಕೆದರಿದ್ದು ಕಾಣಸಿಗುತ್ತದೆ. ಚೇತರಿಸಿಕೊಂಡು ಓಡುತ್ತಿರುವವರ ರಜ್ಜು ಚಿತ್ರದಲ್ಲಿ ಹಳೆಯ ಹಾಗೇ ಉಳಿದಿರುವುದೂ ಉಂಟು. ಇದಕ್ಕೊಂದು ಕಾರಣವನ್ನು ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಸೊಗಸಾಗಿ ತೋರಿಸಿದರು. ಐವತ್ತು, ಅರವತ್ತರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಕಾರ್ಬನ್-14 ಹೆಚ್ಚಿತ್ತು, ಅದು ಆಗ ಬೆಳೆಯುತ್ತಿದ್ದ ಮಕ್ಕಳ ಮೈಯಲ್ಲೂ ಸೇರಿತ್ತು. ಅವರ ಅಕಿಲಿಸ್ ರಜ್ಜಿನ ಒಳತಿರುಳಿನಲ್ಲಿ ಆ ಗುರುತು ದಶಕಗಳ ನಂತರವೂ ಹಾಗೇ ಇತ್ತು. ಅಂದರೆ ತಿರುಳು ಹದಿನೇಳರ ವಯಸ್ಸಿನ ಹೊತ್ತಿಗೆ ಕಟ್ಟಿಕೊಂಡು, ಆಮೇಲೆ ಬಹುಮಟ್ಟಿಗೆ ಹೊಸದಾಗುವುದೇ ಇಲ್ಲ. ಚಿತ್ರ ಸುಂದರವಾಗುವ ತನಕ ಕಾಯುತ್ತೇನೆ ಎನ್ನುವವರು ಕಾಯುತ್ತಲೇ ಇರಬೇಕು. ಮೇಷ್ಟ್ರಿಗೆ ‘ಸವೆದಿದೆ’ ಎಂಬ ಮಾತು ಎಷ್ಟು ಆಳಕ್ಕೆ ಇಳಿಯಿತೆಂದರೆ ಅವರು ಬಸ್ಸು ಹತ್ತುವಾಗಲೂ ಎಡಗಾಲನ್ನೇ ಮುಂದಿಡತೊಡಗಿದರು. ಸಿಲ್ಬರ್ನಾಗೆಲ್ ಅವರ ಐದು ವರ್ಷದ ಅಧ್ಯಯನದಲ್ಲಿ ಚಲನೆಯ ಭಯ ಹೆಚ್ಚಿದ್ದವರಿಗೆ ತುದಿಗಾಲೇರುವ ಶಕ್ತಿ ಕಡಿಮೆಯೇ ಮರಳಿತ್ತು. ಭಯ ಬಿತ್ತುವ ವೈದ್ಯರು ತಾವು ಹೇಳಿದ ಕೆಟ್ಟ ಭವಿಷ್ಯವನ್ನು ತಾವೇ ನಿಜ ಮಾಡುತ್ತಿದ್ದಾರೆ.

ಇಂಜೆಕ್ಷನ್ ಬಗ್ಗೆ ಎರಡೇ ಮಾತು. ಸ್ಟೆರಾಯ್ಡ್ ಚುಚ್ಚಿದರೆ ಕೆಲವು ವಾರ ಹಗುರ, ರಜ್ಜು ಹರಿಯುವ ಅಪಾಯ ಮಾತ್ರ ಉಳಿಯುತ್ತದೆ. ರೋಗಿಯ ರಕ್ತವನ್ನೇ ತಿರುಗಿಸಿ ಚುಚ್ಚುವ ಪಿಆರ್‌ಪಿಯನ್ನು ನೆದರ್ಲೆಂಡ್ಸ್‌ನಲ್ಲಿ 2010ರಲ್ಲಿ 54 ಮಂದಿಯಲ್ಲಿ ಉಪ್ಪುನೀರಿನ ಜೊತೆಗಿಟ್ಟು, ಬ್ರಿಟನ್ನಿನಲ್ಲಿ 2021ರಲ್ಲಿ 240 ಮಂದಿಯಲ್ಲಿ ಸುಳ್ಳು ಚುಚ್ಚುಮದ್ದಿನ ಜೊತೆಗಿಟ್ಟು ಹೋಲಿಸಿದರು. ಎರಡು ಕಡೆಯೂ ವ್ಯತ್ಯಾಸ ಕಾಣಲಿಲ್ಲ. ಇಷ್ಟಾದ ಮೇಲೂ ಸಾವಿರಾರು ರೂಪಾಯಿ ಪಡೆದು ‘ಮೂರು ಡೋಸಿಗೆ ಗ್ಯಾರಂಟಿ’ ಎನ್ನುವವರಿಗೆ ಆ ಗ್ಯಾರಂಟಿ ಕೊಟ್ಟವರು ಯಾರು?

ಕೇಳಬೇಕಾದ ಪ್ರಶ್ನೆಗಳನ್ನು ಕೇಳದಿರುವುದು ಇನ್ನೊಂದು ಮೈಗಳ್ಳತನ, ಇಲ್ಲಿ ತಪ್ಪಿದರೆ ಕಾಲಿಗಿಂತ ದೊಡ್ಡದು ತಪ್ಪುತ್ತದೆ. ಐಸಿಎಂಆರ್ ನೇತೃತ್ವದ 2023ರ ವರದಿಯಂತೆ ದೇಶದಲ್ಲಿ ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ. ಅದಿರುವ ರಜ್ಜು ಬೇರೆಯೇ ಗತಿಯಲ್ಲಿ ನಡೆಯುತ್ತದೆ. ಭೇದಿಗೆಂದು ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ಸಿಪ್ರೊಫ್ಲಾಕ್ಸಸಿನ್ ತಂದು ನುಂಗುವವರು ನಮ್ಮಲ್ಲಿ ಎಷ್ಟು ಜನವಿಲ್ಲ? ಆ ಜಾತಿಯ ಮಾತ್ರೆಗಳು ರಜ್ಜನ್ನು ನೋಯಿಸಬಹುದು, ಹರಿಯಿಸಲೂಬಹುದು ಎಂದು ಅಮೆರಿಕದ ಔಷಧ ಇಲಾಖೆ 2008ರಲ್ಲೇ ಪೊಟ್ಟಣದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಅರವತ್ತು ದಾಟಿದವರಿಗೆ, ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ ಉಳಿಯುವ, ಸೊಂಟವೂ ನೋಯುವ ಇಪ್ಪತ್ತೈದರ ಹುಡುಗನಿಗೆ ಬೇಕಾದದ್ದು ಸಂಧಿವಾತದ ತಜ್ಞರು, ಮೆಟ್ಟಿಲಲ್ಲ. ಎರಡೂ ಹಿಮ್ಮಡಿಯ ಮೇಲೆ ರಜ್ಜು ಗಂಟುಗಂಟಾಗಿ ದಪ್ಪಗಾಗಿದ್ದರೆ ವಂಶಪಾರಂಪರ್ಯದ ಕೊಲೆಸ್ಟರಾಲ್ ಇದೆಯೇ ಎಂದು ರಕ್ತ ನೋಡಲೇಬೇಕು. ಅಂಥವರಿಗೆ ಎಳೆಯ ವಯಸ್ಸಿನಲ್ಲೇ ಹೃದಯಾಘಾತ ಬರಬಹುದು. ಅವರನ್ನು ಕ್ರೇಪ್ ಬ್ಯಾಂಡೇಜ್ ಸುತ್ತಿ ಮನೆಗೆ ಕಳಿಸುವುದು ಅಪರಾಧ.

ವೈದ್ಯರನ್ನಷ್ಟೇ ಬೈದು ಮುಗಿಸುವಂತಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಓಟದ ಗುಂಪುಗಳ ಮಾತು ಕೇಳಿ. ‘ವಾರ್ಮ್ ಅಪ್ ಆದ್ಮೇಲೆ ನೋವು ಗೊತ್ತೇ ಆಗಲ್ಲ’, ‘ಈ ರೇಸೊಂದು ಮುಗೀಲಿ’. ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಇಪ್ಪತ್ತು ಕಿಲೋಮೀಟರ್ ಓಡಿ, ಸೋಮವಾರ ಬೆಳಿಗ್ಗೆ ಕುಂಟಿ, ಮುಲಾಮು ತಿಕ್ಕಿ, ಮುಂದಿನ ಭಾನುವಾರ ಮತ್ತೆ ಅದೇ. ನೋವು ಮರೆಯಾದ ವಾರವೇ ವ್ಯಾಯಾಮ ನಿಲ್ಲಿಸುತ್ತೀರಿ. ಹೇಳಿದ್ದರಲ್ಲಿ ಎಷ್ಟು ಮಾಡಿದಿರಿ ಎಂದರೆ ‘ಹೆಚ್ಚುಕಡಿಮೆ ಮಾಡಿದೆ’ ಎನ್ನುತ್ತೀರಿ, ಬರೆದಿಟ್ಟ ಒಂದು ಸಾಲೂ ಇರುವುದಿಲ್ಲ. ಆಮೇಲೆ ‘ಯಾವಾಗ ಸರಿಹೋಗುತ್ತೆ ಡಾಕ್ಟ್ರೇ?’ ಎಂದು ಕೇಳುವ ಹಕ್ಕು ಹೇಗೆ ಬಂತು? ಆ ಪ್ರಶ್ನೆಯ ಅರ್ಧ ಉತ್ತರ ನಿಮ್ಮ ಬಳಿಯೇ ಇರಬೇಕಿತ್ತು.

ಹಣ, ತಜ್ಞರು, ಸೌಲಭ್ಯ ಎಲ್ಲ ಇದ್ದರೂ ಈ ರಜ್ಜು ಯಾರ ವೇಳಾಪಟ್ಟಿಗೂ ಬಗ್ಗುವುದಿಲ್ಲ ಎಂಬುದಕ್ಕೆ ಚೀನಾದ ಹರ್ಡಲ್ಸ್ ಓಟಗಾರ ಲಿಯು ಶಿಯಾಂಗ್ ಅವರ ಕಥೆ ಸಾಕು. ಅಥೆನ್ಸ್‌ನಲ್ಲಿ 2004ರ ಚಿನ್ನ, 2006ರಲ್ಲಿ 12.88 ಸೆಕೆಂಡುಗಳ ವಿಶ್ವದಾಖಲೆ. 2008ರ ಆಗಸ್ಟ್ 18ರಂದು ಬೀಜಿಂಗ್‌ನಲ್ಲಿ, ತನ್ನದೇ ಜನ ತುಂಬಿದ ಕ್ರೀಡಾಂಗಣದಲ್ಲಿ, ಅಕಿಲಿಸ್ ನೋವಿನಿಂದ ಒಂದು ಹರ್ಡಲ್ ಕೂಡ ದಾಟದೆ ಹೊರನಡೆದರು. ಆತ ಮುಗಿದ ಎಂದವರು ಬಹಳ. ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯಾಗಿ, 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಚಿನ್ನ, 2011ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ ಗೆದ್ದರು. ಪೂರ್ತಿ ವಾಸಿಯಾಯಿತು ಎಂದವರೂ ಬಹಳ. 2012ರ ಆಗಸ್ಟ್ 7ರಂದು ಲಂಡನ್‌ನಲ್ಲಿ ಮೊದಲ ಹರ್ಡಲಿಗೇ ಎಡವಿ ಬಿದ್ದರು, ರಜ್ಜು ಹರಿದಿತ್ತು. ಒಂದು ದೇಶವೇ ಕಣ್ಣಿಟ್ಟು ಕಾಯುತ್ತಿದ್ದ ಕಾಲಿನ ಬಗ್ಗೆ ಎರಡು ಸಲವೂ ಊಹೆ ಸುಳ್ಳಾಯಿತು. ಜಿಲ್ಲಾ ಕೇಂದ್ರದ ಕ್ಲಿನಿಕ್ಕಿನಲ್ಲಿ ಎರಡು ನಿಮಿಷ ನೋಡಿ ವಾರ ಎಣಿಸುವವರಿಗೆ ಇಷ್ಟು ಧೈರ್ಯ ಹೇಗೆ ಬರುತ್ತದೆ?

ಹಾಗೆಂದು ಏನನ್ನೂ ಹೇಳಲಾಗದು ಎಂದು ಕೈಚೆಲ್ಲುವುದೂ ಸೋಮಾರಿತನವೇ. ಹೇಳಬಹುದಾದದ್ದು ಸಾಕಷ್ಟಿದೆ, ಆದರೆ ಅದನ್ನು ಅಳೆದು, ಮತ್ತೆ ಮತ್ತೆ ಅಳೆದು ಹೇಳಬೇಕು. ಮೆಲ್ಬರ್ನ್‌ನಲ್ಲಿ ರೂಪಿಸಿದ ಎಂಟು ಪ್ರಶ್ನೆಗಳ ವೀಸಾ-ಎ ಪಟ್ಟಿ 2001ರಿಂದ ಬಳಕೆಯಲ್ಲಿದೆ. ಬೆಳಗಿನ ಬಿಗಿತ ಎಷ್ಟು ಹೊತ್ತು, ಮೆಟ್ಟಿಲಿಳಿದರೆ ನೋವೆಷ್ಟು, ಎಷ್ಟು ಹೊತ್ತು ಆಡಬಲ್ಲಿರಿ ಎಂದು ಕೇಳಿ ನೂರಕ್ಕೆ ಅಂಕ ಕೊಡುತ್ತದೆ. ಮೊದಲ ದಿನ ಆ ಅಂಕ, ಎರಡೂ ಕಾಲಿನ ತುದಿಗಾಲೇರಿಕೆಯ ಎಣಿಕೆ ಮತ್ತು ಎತ್ತರ ಬರೆದುಕೊಳ್ಳಿ. ನಾಲ್ಕನೇ ವಾರ, ಎಂಟನೇ ವಾರ, ಹನ್ನೆರಡನೇ ವಾರ ಮತ್ತೆ ಬರೆಯಿರಿ. ವ್ಯಾಯಾಮದಲ್ಲಿ ನೋವು ಹತ್ತರಲ್ಲಿ ಐದರವರೆಗೆ ಏರಿದರೂ ಹೆದರಬೇಕಿಲ್ಲ, ಮರುದಿನ ಬೆಳಗಿನ ಹೊತ್ತಿಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರಬಾರದು. ಈ ನಿಯಮದಡಿ ಓಟ, ಜಿಗಿತ ಮುಂದುವರಿಸಿದವರು ಪೂರ್ತಿ ನಿಲ್ಲಿಸಿದವರಿಗಿಂತ ಹಿಂದೆ ಬೀಳಲಿಲ್ಲ ಎಂಬುದನ್ನೂ ಸಿಲ್ಬರ್ನಾಗೆಲ್ ಅವರ 2007ರ ಪ್ರಯೋಗ ತೋರಿಸಿದೆ. ವಯಸ್ಸಾಗಲಿ, ತೂಕವಾಗಲಿ, ಸ್ಕ್ಯಾನಿನಲ್ಲಿ ಕಂಡ ದಪ್ಪವಾಗಲಿ ಒಂಟಿಯಾಗಿ ಒಬ್ಬ ರೋಗಿಯ ದಾರಿಯನ್ನು ಹೇಳಲಾರವು. ಹನ್ನೆರಡು ವಾರದ ಆ ನಾಲ್ಕು ಸಾಲು ಅವಕ್ಕಿಂತ ಹೆಚ್ಚು ಹೇಳುತ್ತವೆ. ಮೇಷ್ಟ್ರು ಈಗ ಹಾಜರಿ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಬರೆಯುತ್ತಿದ್ದಾರೆ. ಬಲಗಾಲಿನ ಸಂಖ್ಯೆ ಹದಿಮೂರಕ್ಕೆ ಬಂದಿದೆ, ಎತ್ತರ ಇನ್ನೂ ಎಡಗಾಲಿನಷ್ಟಿಲ್ಲ. ಜನವರಿಯ ಕ್ರೀಡಾಕೂಟದಲ್ಲಿ ಓಡಬಹುದೇ ಎಂದು ಕೇಳಿದರು. ಎತ್ತರ ಸಮವಾಗುವ ತನಕ ವೇಗದ ಓಟ ಬೇಡ ಎಂಬ ಉತ್ತರ ಅವರಿಗೆ ರುಚಿಸಲಿಲ್ಲ, ಆದರೆ ಏಕೆ ಎಂದು ಅವರ ಕೈಯಲ್ಲಿದ್ದ ಹಾಳೆಯೇ ಹೇಳಿತು.

ಮೊದಲ ದಿನವೇ ಹೇಳಬೇಕಾದ ಇನ್ನೊಂದು ಮಾತಿದೆ, ಅದನ್ನು ಬಹುತೇಕರು ನುಂಗಿಬಿಡುತ್ತಾರೆ. ಬರೀ ವ್ಯಾಯಾಮದಿಂದ ಚಿಕಿತ್ಸೆ ಪಡೆದ 34 ಮಂದಿಯನ್ನು ಸಿಲ್ಬರ್ನಾಗೆಲ್ ತಂಡ ಐದು ವರ್ಷದ ನಂತರ ನೋಡಿದಾಗ ಶೇಕಡಾ 80 ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು. ಹತ್ತು ವರ್ಷ ಹಿಂಬಾಲಿಸಿದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲೂ ಸುಮಾರು ಐದರಲ್ಲೊಬ್ಬರಿಗೆ ತೊಂದರೆ ಉಳಿದೇ ಇತ್ತು. ಹೆಚ್ಚಿನವರು ಸುಧಾರಿಸುತ್ತಾರೆ, ಅದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷ ಬೇಕು, ಕೆಲವರಿಗೆ ಸ್ವಲ್ಪ ನೋವು ಉಳಿಯುತ್ತದೆ ಎಂದು ರೋಗಿಯ ಮುಖ ನೋಡಿ ಹೇಳಬೇಕು. ಹಾಗೆ ಹೇಳಿದರೆ ಬೇರೆ ಕಡೆ ಹೋಗಿಬಿಡುತ್ತಾರೆ ಎಂಬ ಅಂಜಿಕೆ ವೈದ್ಯರಿಗೆ ಇರಬಹುದು. ಹೋಗಲಿ. ಕನಿಷ್ಠ 12 ವಾರ ಸರಿಯಾದ ವ್ಯಾಯಾಮ, ಫಲ ಕಾಣದಿದ್ದರೆ ಬೇರೆ ಚಿಕಿತ್ಸೆಯ ಯೋಚನೆ, ಆರು ತಿಂಗಳು ಬಿಡದೆ ಮಾಡಿಯೂ ಜಗ್ಗದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಎನ್ನುತ್ತದೆ ಡಚ್ಚರ 2021ರ ಮಾರ್ಗಸೂಚಿ. ಆರು ತಿಂಗಳ ನಂತರ ಶಸ್ತ್ರಚಿಕಿತ್ಸಕರ ಎದುರು ಕೂರುವ ರೋಗಿಯ ಕೈಯಲ್ಲಿ ಸ್ಕ್ಯಾನಿನ ಲಕೋಟೆಯೊಂದೇ ಇದ್ದರೆ, ಅವನು ವ್ಯಾಯಾಮ ಮಾಡಿಯೂ ಸೋತವನೋ, ವ್ಯಾಯಾಮವನ್ನೇ ಕಾಣದವನೋ ಎಂದು ಅವರಿಗೆ ತಿಳಿಯುವ ದಾರಿಯಿಲ್ಲ. ಇಂದು ಅಂಥ ಲಕೋಟೆ ಹಿಡಿದು ಸಾಲಿನಲ್ಲಿ ಕೂತಿರುವ ಎಷ್ಟೋ ಜನ ಒಂದು ಸಲವೂ ಗೋಡೆ ಹಿಡಿದು ತುದಿಗಾಲಿಗೆ ಏರಿದವರಲ್ಲ.